ಅಂಜುವುದನ್ನು ಕಲಿಸಿದವರು

ಕಾಕಾ ತೀರಿಕೊಂಡರೆಂದು ಅವರ ಸೊಸೆ ಫೋನ್ ಮಾಡಿ ಹೇಳಿದಾಗ ನನಗೆ ಮೊದಲು ಹೆದರಿಕೆಯಾಯಿತು. ಅಳು ಬಂದದ್ದು ಸಂಜೆಗೆ, ರೊಟ್ಟಿಯ ಹಿಟ್ಟು ನಾದುತ್ತಿದ್ದಾಗ. ಹೆದರಿಕೆ ಯಾಕೆಂದರೆ, ನಾನು ಬರೆದ ನಾಲ್ಕು ಪುಟದ ಒಂದು ಪಾಠ ಅಚ್ಚಾಗಿ ತಾಲೂಕಿನ ಶಾಲೆಗಳಲ್ಲಿ ಓಡಾಡುತ್ತಿತ್ತು. ಅದರಲ್ಲಿ ಒಂದು ತಪ್ಪಿತ್ತು. ಆ ತಪ್ಪಿನಿಂದ ಯಾರಾದರೂ ಸಾಯಬಹುದು ಎಂದು ಗೊತ್ತಿದ್ದವರು ನಾವಿಬ್ಬರೇ. ಈಗ ನಾನೊಬ್ಬಳೇ ಉಳಿದೆ.

ಊರೆಲ್ಲ ಕಾಕಾ ಎಂದೇ ಕರೆಯುತ್ತಿದ್ದ ಅವರು ಸೋನ್ಯಾಳದ ದಾರಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದರು. ಮನೆಯಲ್ಲಿ ದಖ್ಖನಿ, ಊರಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಮಾತಾಡುತ್ತಿದ್ದರು. ಅವರ ಕೆಲಸ ಹಗೇವು ತೆಗೆಯುವುದು. ಹಗೇವು ಅಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಒಳಗೆ ಗಡಿಗೆಯ ಹಾಗೆ ಅಗಲ, ಎರಡಾಳು ಆಳ. ಸುತ್ತ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಕೆಸರು ಮೆತ್ತಿದರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಆದರೆ ಮುಚ್ಚಿದ ಜೋಳ ಉಸಿರಾಡುತ್ತಲೇ ಇರುತ್ತದೆ. ಒಳಗಿನ ಒಳ್ಳೆಯ ಗಾಳಿಯನ್ನೆಲ್ಲ ತಿಂದು ಕೆಟ್ಟ ಗಾಳಿ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಝಳ ಎನ್ನುತ್ತಾರೆ. ಝಳ ಬಡಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಈಗ ಹಗೇವು ಉಳಿದಿರುವುದೇ ಅಲ್ಲೊಂದು ಇಲ್ಲೊಂದು. ಆ ಜೋಳದ ರೊಟ್ಟಿಗೆ ಒಂದು ವಾಸನೆ ಇರುತ್ತದೆ. ಅದನ್ನು ತಿಂದು ಬೆಳೆದವರಿಗೆ ಬೇರೆ ರೊಟ್ಟಿ ರುಚಿಸುವುದಿಲ್ಲ, ಅಂಥವರ ಮನೆಯಲ್ಲಿ ಮಾತ್ರ ಇವೆ.

ಊರವರು ಕಾಕಾನ ಧೈರ್ಯವನ್ನು ಹೊಗಳುತ್ತಿದ್ದರು. ನನ್ನನ್ನು ಕೇಳಿದರೆ, ನಾನು ಕಂಡವರಲ್ಲಿ ಅವರಷ್ಟು ಅಂಜುಬುರುಕ ಮನುಷ್ಯ ಇನ್ನೊಬ್ಬರಿಲ್ಲ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಸಿಗದಿದ್ದರೆ ಜತ್ತದವರೆಗೆ ನಿಂತೇ ಹೋಗುವರು. ಮಲಗುವುದು ಅಂಗಳದಲ್ಲಿ; ಮಳೆ ಬಂದರೆ ಪಡಸಾಲೆಯಲ್ಲಿ, ತಲೆ ಬಾಗಿಲ ಕಡೆ ಮಾಡಿ. ಮೊದಲ ಸಲ ನಮ್ಮ ಮನೆಗೆ ಬಂದಾಗ ಹೊಸ್ತಿಲಲ್ಲೇ ನಿಂತು ಎರಡು ಸಲ ಮೂಗೆಳೆದು, ಕಿಡಕಿ ತೆಗೆಯಿರಿ ಬಾಯಾರ ಎಂದರು. ಶಿಕ್ಷಕಿಯರಿಗೆ ನಮ್ಮ ಕಡೆ ಬಾಯಾರ ಎಂದೇ ಕರೆಯುವುದು. ಕಿಟಕಿ ತೆಗೆದ ಮೇಲೆ ಒಳಗೆ ಬಂದು, ಗ್ಯಾಸ್ ಸಿಲಿಂಡರ್ ಎಲ್ಲಿದೆ ನೋಡಿಕೊಂಡು, ಅದಕ್ಕೆ ದೂರದ ಕುರ್ಚಿ ಹುಡುಕಿ ಕೂತರು. ಚಹಾ ಕುಡಿಯುವಾಗಲೂ ಕಣ್ಣು ಬಾಗಿಲ ಮೇಲೆಯೇ. ಅವರು ಹೋದ ಮೇಲೆ ನನ್ನ ಗಂಡ, ನೀನು ಹೇಳುತ್ತಿದ್ದ ಶೂರ ಇವರೇನಾ ಎಂದು ನಕ್ಕರು.

ನಾನು ಸನಮಡಿ ಕಡೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಗ ನನಗೆ ಪಿಎಚ್‌ಡಿಯ ಹುಚ್ಚು ಹಿಡಿದಿತ್ತು. ಹಳ್ಳಿಯವರ ಜ್ಞಾನವನ್ನು ವಿಜ್ಞಾನದ ಪಾಠದೊಳಗೆ ತರುವುದು ಹೇಗೆ ಎಂಬುದು ನನ್ನ ವಿಷಯ. ಬೀಜ ಕಾದಿಡುವ ಹೆಂಗಸರನ್ನು, ಕಂಬಳಿ ನೇಯುವವರನ್ನು, ಸುಣ್ಣ ಸುಡುವವರನ್ನು ಮಾತಾಡಿಸಿ ಮುಗಿಸಿದ್ದೆ. ನನ್ನ ಮಾರ್ಗದರ್ಶಕಿ ಮೇಡಂ ಶಿಸ್ತಿನವರು. ಸಂಶೋಧಕಿ ದೂರ ನಿಂತು ನೋಡಬೇಕು, ಕೈ ಹಾಕಬಾರದು, ಬರಹದಲ್ಲಿ ಅವಳು ಕಾಣಬಾರದು ಎಂದಿದ್ದರು. ಅದು ನನಗೆ ಬಹಳ ಹಿಡಿಸಿತ್ತು. ದೂರ ನಿಲ್ಲುವುದೆಂದರೆ ಮೊದಲಿನಿಂದಲೂ ನನಗೆ ಸುಲಭ. ನೋಟುಬುಕ್ಕಿನಲ್ಲಿ ಉದ್ದಕ್ಕೆ ಗೆರೆ ಎಳೆದು ಎರಡು ಕಾಲಂ ಮಾಡಿಕೊಂಡಿದ್ದೆ. ಎಡಕ್ಕೆ ಜ್ಞಾನ, ಬಲಕ್ಕೆ ನಂಬಿಕೆ. ಯಾರು ಏನು ಹೇಳಿದರೂ ಒಂದು ಕಡೆ ಹಾಕಿಬಿಡುತ್ತಿದ್ದೆ.

ಕಾಕಾನ ಕೆಲಸ ನೋಡಲು ಎರಡು ವರ್ಷ ಅವರ ಹಿಂದೆ ತಿರುಗಿದೆ. ಹಗೇವಿನ ಕಲ್ಲು ಸರಿಸಿ ಒಂದು ದಿನ ಹಾಗೇ ಬಿಡುವರು. ಮರುದಿನ ಕಂದೀಲು ಹೊತ್ತಿಸಿ ಹಗ್ಗದಲ್ಲಿ ಇಳಿಬಿಡುವರು. ದೀಪ ಆರಿದರೆ ಮತ್ತೊಂದು ದಿನ. ಉರಿದರೆ ತಮ್ಮ ಕಂಕುಳಿಗೆ ಹಗ್ಗ ಕಟ್ಟಿಸಿಕೊಂಡು ಇಳಿಯುವರು. ಕೆಳಗೆ ಜೋಳವನ್ನು ಬುಟ್ಟಿಗೆ ತುಂಬುತ್ತ ಒಂದೊಂದು ಬುಟ್ಟಿಗೂ ಎಣಿಕೆ ಕೂಗುವರು. ಒಂದು ಎನ್ನುವ ಬದಲು ಲಾಭ ಎನ್ನುವರು, ಆಮೇಲೆ ಎರಡು, ಮೂರು. ಮೇಲೆ ಬಾಯಿಯ ಪಕ್ಕದಲ್ಲಿ ಒಬ್ಬರು ಕೂತು ಅದೇ ಎಣಿಕೆಯನ್ನು ತಿರುಗಿ ಕೂಗಬೇಕು. ಹಗ್ಗ ಹಿಡಿಯುವವರು ಬೇರೆ. ಇವರಿಗೆ ಎಣಿಕೆ ಬಿಟ್ಟು ಮತ್ತೊಂದು ಕೆಲಸವಿಲ್ಲ. ಆ ಜಾಗದಲ್ಲಿ ಯಾವಾಗಲೂ ಕಾಕಾನ ಮಗ ಕೂರುತ್ತಿದ್ದ.

ದೀಪವನ್ನು ನಾನು ಎಡಗಡೆ ಬರೆದುಕೊಂಡೆ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್, ದಹನ, ಆರನೆಯ ತರಗತಿಯ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಎಣಿಕೆಯನ್ನು ಬಲಗಡೆ ಹಾಕಿದೆ. ಕಣದಲ್ಲಿ ರಾಶಿ ಅಳೆಯುವಾಗಲೂ ಲಾಭ ಎಂದೇ ಶುರು ಮಾಡುತ್ತಾರೆ, ಇದೂ ಅಂಥದೇ ಒಂದು ಶುಭದ ಮಾತು ಎಂದುಕೊಂಡೆ. ಕಾಕಾ ಮಾತ್ರ ದೀಪದ ಸುದ್ದಿ ತೆಗೆದಾಗಲೆಲ್ಲ ಕಸಿವಿಸಿ ಪಡುತ್ತಿದ್ದರು.

"ದೀಪ ಬ್ಯಾಡ ಅಂತಷ್ಟ ಹೇಳತೈತ್ರಿ. ಹೂಂ, ಇಳಿ ಅಂತ ಯಾವತ್ತೂ ಹೇಳಂಗಿಲ್ಲ. ದೀಪ ಹೋಗಿ ಜ್ವಾಳ ಕೆದರತೈತೇನು? ಕೆದರಾಂವ ಮನಶ್ಯಾ."

ಜೋಳದ ಕಾಳುಗಳ ಸಂದಿಯಲ್ಲಿ ಝಳ ಅಡಗಿರುತ್ತದೆ, ಕೆದರಿದಾಗ ಏಳುತ್ತದೆ, ಏಳುವಾಗ ಮನುಷ್ಯ ಬಗ್ಗಿ ಬುಟ್ಟಿ ತುಂಬುತ್ತಿರುತ್ತಾನೆ ಎಂದು ಅವರು ವಿವರಿಸಿದರು. ಝಳ ಮೊದಲು ಕಾಲನ್ನು ಹಿಡಿಯುವುದಿಲ್ಲ, ತಲೆಯನ್ನು ಹಿಡಿಯುತ್ತದೆ. ಹಿಡಿದದ್ದು ಅವನಿಗೆ ಗೊತ್ತಾಗುವುದಿಲ್ಲ. ಅವನ ಎಣಿಕೆ ತಪ್ಪಿದ್ದರಿಂದ ಅದನ್ನು ಬಲ್ಲವನು ಮೇಲೆ ಕೂತವನು. ಅವನು ಮಾಡಬೇಕಾದದ್ದು ಒಂದೇ. ಅದನ್ನು ಕಾಕಾ ನನಗೆ ಎಷ್ಟು ಸಲ ಹೇಳಿದರೋ.

"ಎಣಿಕಿ ತಪ್ಪಿತಂದ್ರ ಕೇಳಬ್ಯಾಡ್ರಿ. ಎಳೀರಿ."

ಕೆಲವು ದಿನ ಎಲ್ಲ ತಯಾರಿ ಆಗಿ, ದೀಪ ಉರಿದು, ಹಗ್ಗ ಕಟ್ಟಿಸಿಕೊಂಡ ಮೇಲೆ ಕಾಕಾ ಹಗ್ಗ ಬಿಚ್ಚಿಟ್ಟು ಮನೆಗೆ ಹೊರಟುಬಿಡುವರು. ಇವತ್ತು ಒಲ್ಲೆ ಎನ್ನುವರು, ಅಷ್ಟೇ. ಕೂಲಿಯಾಳು ಕರೆಸಿದ ಮನೆಯವರು ರೇಗುವರು. ಕಾಕಾ ತಲೆ ತಗ್ಗಿಸಿ ಬೈಸಿಕೊಳ್ಳುವರು, ಆದರೆ ಇಳಿಯುವುದಿಲ್ಲ. ಇಷ್ಟು ವರ್ಷವಾದರೂ ಅಂಜಿಕೆ ಹೋಗಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. ಅದು ಹೋದ ದಿನ ಈ ಕೆಲಸ ಬಿಡುತ್ತೇನೆ ಎಂದರು. ನಾನು ಅದನ್ನೂ ಬಲಗಡೆ ಬರೆದುಕೊಂಡೆ. ಅವರು ಹುಡುಗರಾಗಿದ್ದಾಗ ಸಾಂಗಲಿ ಕಡೆ ಅರಿಷಿಣ ತುಂಬಿಡುವ ಇಂಥದೇ ನೆಲಮಾಳಿಗೆಗಳಲ್ಲಿ ಕೂಲಿಗೆ ಹೋಗುತ್ತಿದ್ದರಂತೆ, ಅಲ್ಲಿ ಅವರ ಅಣ್ಣ ಸತ್ತನಂತೆ. ಅದು ಊರವರಿಂದ ಗೊತ್ತಾದದ್ದು. ಅವರು ಆ ಮಾತು ಎತ್ತುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ವಳಸಂಗದ ಹತ್ತಿರ ಮಲ್ಲಪ್ಪಣ್ಣ ಎಂಬ ರೈತರ ಹೊಲಮನೆಯಲ್ಲಿ ಹಗೇವು ತೆಗೆಯುವುದಿತ್ತು. ಕಲ್ಲು ಸರಿಸಿ ಆಗಿತ್ತು, ದೀಪವೂ ಉರಿದಿತ್ತು. ಕಾಕಾನ ಮಗನಿಗೆ ಜ್ವರ ಬಂದು ಬರಲಿಲ್ಲ. ಇನ್ನೊಂದು ದಿನ ನೋಡೋಣ ಎಂದು ಕಾಕಾ ಏಳುತ್ತಿದ್ದರು. ನಾನು ಕೂರುತ್ತೇನೆ ಎಂದೆ. ರಜೆ ಹಾಕಿ ಬಂದಿದ್ದೆ, ದಿನ ವ್ಯರ್ಥವಾಗುತ್ತದಲ್ಲ ಎಂಬುದಷ್ಟೇ ಆಗ ತಲೆಯಲ್ಲಿದ್ದದ್ದು. ಕಾಕಾ ನನ್ನ ಕೈಯಲ್ಲಿದ್ದ ನೋಟುಬುಕ್ಕನ್ನು ನೋಡಿದರು.

"ಬರಕೋತ ಕುಂದ್ರಂಗಿಲ್ರಿ, ಬಾಯಾರ."

ಇಲ್ಲ ಎಂದೆ. ನೋಟುಬುಕ್ಕನ್ನು ಅವರ ಕಣ್ಣೆದುರೇ ಚೀಲಕ್ಕೆ ಹಾಕಿದೆ. ಅವರು ಬಿಸ್ಮಿಲ್ಲಾ ಎಂದು ಇಳಿದರು. ಮಲ್ಲಪ್ಪಣ್ಣ ಮತ್ತು ಅವರ ಮಗ ಹಗ್ಗ ಹಿಡಿದು ನಿಂತರು.

ಲಾಭ ಎಂದು ಕೆಳಗಿನಿಂದ ದನಿ ಬಂತು. ಲಾಭ ಎಂದು ನಾನೂ ಕೂಗಿದೆ. ಎರಡು, ಮೂರು. ಬುಟ್ಟಿ ಮೇಲೆ ಬರುತ್ತಿತ್ತು, ಖಾಲಿಯಾಗಿ ಇಳಿಯುತ್ತಿತ್ತು. ಬಾಯಿಯಿಂದ ಬೆಚ್ಚನೆಯ ಹುಳಿವಾಸನೆ ಬರುತ್ತಿತ್ತು. ಎಂಟಾದ ಮೇಲೆ ಅವರು ಕೆಳಗೆ ತಮ್ಮಷ್ಟಕ್ಕೇ ದಖ್ಖನಿಯಲ್ಲಿ ಏನೋ ಗುನುಗಿದರು. ನನಗೆ ಅದು ಬಹಳ ಚಂದ ಕಂಡಿತು. ಹೊಸದು ಎನಿಸಿತು. ಒಂದೇ ಒಂದು ಸಾಲು ಬರೆದುಕೊಂಡರೆ ಏನಾದೀತು ಎಂದು ಚೀಲದಿಂದ ನೋಟುಬುಕ್ ತೆಗೆದೆ. ಬರೆಯುತ್ತಲೇ ಬಾಯಲ್ಲಿ ಎಣಿಕೆ ಕೂಗುತ್ತಿದ್ದೆ. ಕೂಗುತ್ತಿದ್ದೆ ಎಂದುಕೊಂಡಿದ್ದೇನೆ.

ಹನ್ನೊಂದು ಎಂದು ಕೆಳಗಿನಿಂದ ಕೇಳಿಸಿತು.

ಹನ್ನೊಂದು ಆಗಲೇ ಆಗಿತ್ತೇ? ನನಗೆ ಗೊತ್ತಿರಲಿಲ್ಲ. ನೋಟುಬುಕ್ಕಿನಲ್ಲಿ ಸಾಲು ಇತ್ತು, ಎಣಿಕೆ ಇರಲಿಲ್ಲ. ಮಲ್ಲಪ್ಪಣ್ಣನ ಮುಖ ನೋಡಿದೆ. ಅವರು ನನ್ನನ್ನು ನಂಬಿ ನಿಶ್ಚಿಂತೆಯಿಂದ ನಿಂತಿದ್ದರು. ಎಳೆಯಿರಿ ಎಂದು ಕೂಗಬೇಕಿತ್ತು. ಕೂಗಿದರೆ, ಎಣಿಕೆ ತಪ್ಪಿದ್ದು ಅವರದ್ದಲ್ಲ ನನ್ನದು ಎಂದು ಗೊತ್ತಾದರೆ ಎಂದು ನಾಚಿಕೆಯಾಯಿತು. ಬಗ್ಗಿ, ಹನ್ನೊಂದೋ ಹನ್ನೆರಡೋ ಕಾಕಾ ಎಂದು ಕೇಳಿದೆ.

ಕೆಳಗೆ ಕಾಕಾ ನಕ್ಕರು.

ಹಗೇವಿನ ಹತ್ತಿರ ಅವರು ನಕ್ಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಸಣ್ಣ ಮಗುವಿನ ಹಾಗೆ, ಬಿಡದೆ ನಗುತ್ತಿದ್ದರು. ಎಳೆಯಿರಿ ಎಂದು ಕಿರುಚಿದೆ. ಅವರನ್ನು ಮೇಲೆ ತಂದಾಗ ತಲೆ ಒಂದು ಕಡೆ ವಾಲಿತ್ತು. ಉಗುರು ನೀಲಿಯಾಗಿದ್ದವು. ಮುಖದ ಮೇಲೆ ಆ ನಗು ಇನ್ನೂ ಇತ್ತು. ಬೇವಿನ ನೆರಳಿಗೆ ಹೊತ್ತು ತಂದು ಮಲಗಿಸಿದೆವು. ಮಲ್ಲಪ್ಪಣ್ಣನ ಮಗ ಎದೆ ಒತ್ತಿದ, ನಾನು ಟವೆಲ್‌ನಿಂದ ಗಾಳಿ ಬೀಸುತ್ತ ದೇವರ ಹೆಸರೆಲ್ಲ ಹೇಳಿದೆ. ವಾಂತಿಯಾದ ಮೇಲೆ ಕಣ್ಣು ತೆರೆದರು. ಒಂದು ತಾಸು, ಇದು ಯಾರ ಮನೆ, ಇದು ಯಾರ ಮನೆ ಎಂದು ಕೇಳಿದ್ದನ್ನೇ ಕೇಳಿದರು. ಆಮೇಲೆ ತಿಳಿವಳಿಕೆ ಬಂತು. ಮನೆಮಂದಿಯ ಎದುರು, ಬಾಯಾರ ಎಳಿ ಅಂದರು, ಅದಕ್ಕೆ ಉಳಿದೆ ಎಂದು ಹೇಳಿದರು. ಎಲ್ಲರೂ ನನಗೆ ಕೈ ಮುಗಿದರು. ಹೆಂಗಸರು ನನಗೆ ಕುಂಕುಮ ಇಟ್ಟು ಉಡಿ ತುಂಬಿದರು.

ಸಂಜೆ ದವಾಖಾನೆಗೆ ಹೋಗಲು ರಸ್ತೆಯ ಪಕ್ಕ ಜೀಪಿಗೆ ಕಾಯುತ್ತ ಕೂತಿದ್ದೆವು. ಮಲ್ಲಪ್ಪಣ್ಣ ನೀರು ತರಲು ಹೋಗಿದ್ದರು. ಕಾಕಾ ರಸ್ತೆಯನ್ನೇ ನೋಡುತ್ತ ಮೆಲ್ಲಗೆ ಹೇಳಿದರು.

"ನೀವು ಕೇಳಿದ್ರಿ."

ನಾನು ಚೀಲದೊಳಗಿನ ನೋಟುಬುಕ್ಕನ್ನು ಇನ್ನಷ್ಟು ಕೆಳಗೆ ತುರುಕಿದೆ. ಮತ್ತೆ ಅವರೇ ಹೇಳಿದರು.

"ನಾನೂ ಕೇಳಿದ್ದೆ, ನಮ್ಮ ಭಾಯಿಗೆ. ಎಷ್ಟಾತಪಾ ಅಂತ. ಭಾಳ ನಕ್ಕ ಅಂವಾ."

ಅಂದಿನಿಂದ ಕಾಕಾ ಹಗೇವಿಗೆ ಇಳಿಯಲಿಲ್ಲ. ಕೈ ಸ್ವಲ್ಪ ನಡುಗುತ್ತಿತ್ತು, ಅಷ್ಟು ಬಿಟ್ಟರೆ ಆರಾಮ ಇದ್ದರು. ನಾನು ಆರಾಮ ಇರಲಿಲ್ಲ. ಈಗಲೂ ಯಾರಾದರೂ ಬಹಳ ಹೊತ್ತು ನಕ್ಕರೆ ನನಗೆ ಕಸಿವಿಸಿ. ತರಗತಿಯಲ್ಲಿ ಮಕ್ಕಳು ನಗುವಾಗಲೂ ಎದ್ದು ಕಿಟಕಿ ತೆಗೆಯುತ್ತೇನೆ.

ಪ್ರಬಂಧದಲ್ಲಿ ಇದೇನೂ ಇಲ್ಲ. ಸಂಶೋಧಕಿ ಕಾಣಬಾರದು ಎಂಬ ಮಾತು ಆಗ ನನಗೆ ಬಹಳ ಅನುಕೂಲವಾಯಿತು. ಮೇಡಂ ಹೇಳಿದ್ದು ಒಳ್ಳೆಯ ಅರ್ಥದಲ್ಲಿ, ನಾನು ಅದರ ಹಿಂದೆ ಅಡಗಿಕೊಂಡೆ. ಎಣಿಕೆಯ ಕಟ್ಟಳೆಯನ್ನು ಜ್ಞಾನದ ಕಾಲಂಗೆ ತರಬೇಕೆಂದರೆ, ಅದು ಜ್ಞಾನ ಎಂದು ನನಗೆ ಗೊತ್ತಾದದ್ದು ಹೇಗೆ ಎಂದು ಬರೆಯಬೇಕಿತ್ತು. ಬರೆದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಬಿಟ್ಟುಬಿಟ್ಟೆ.

ಆಮೇಲೆ ಆ ಪ್ರಬಂಧದಿಂದ ಕೆಲವು ಪಾಠ ಮಾಡಿಕೊಡಿ ಎಂದು ತಾಲೂಕಿನ ಶಿಕ್ಷಣ ಕಚೇರಿಯವರು ಕೇಳಿದರು. ಹಗೇವು ಮತ್ತು ಗಾಳಿ ಎಂದು ನಾಲ್ಕು ಪುಟ ಬರೆದೆ. ಕೊನೆಯಲ್ಲಿ ಹೊಂದಿಸಿ ಬರೆಯಿರಿ ಎಂಬ ಅಭ್ಯಾಸ ಇರಬೇಕಿತ್ತು. ದೀಪ ಆರಿದರೆ ಎಂಬುದರ ಎದುರು ಇಳಿಯಬಾರದು ಎಂದು ಬರೆದೆ. ಹೊಂದಿಸಲು ಇನ್ನೊಂದು ಜೋಡಿ ಬೇಕಲ್ಲ, ದೀಪ ಉರಿದರೆ ಎಂದು ಬರೆದು ಎದುರಿಗೆ ಇಳಿಯಬಹುದು ಎಂದು ಹಾಕಿದೆ. ಇಪ್ಪತ್ತು ವರ್ಷ ಪ್ರಶ್ನೆಪತ್ರಿಕೆ ಬರೆದ ಕೈ, ಎರಡನೆಯ ಸಾಲು ತಾನಾಗಿಯೇ ಬಂತು.

ಅಚ್ಚಾದ ಪ್ರತಿ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಹೊಗಳಲಿ ಎಂದೇ ಹೋದದ್ದು. ಅಂಗಳದ ಮಂಚದ ಮೇಲೆ ಕೂತು ಪೂರ್ತಿ ಕೇಳಿದರು. ಕೊನೆಯ ಸಾಲು ಬಂದಾಗ ಕೈಯೆತ್ತಿ ನಿಲ್ಲಿಸಿದರು.

"ಇದ್ರಾಗ ಮ್ಯಾಲ ಯಾರ ಕುಂತಾರ್ರಿ?"

ಪಾಠದಲ್ಲಿ ಮೇಲೆ ಯಾರೂ ಇರಲಿಲ್ಲ. ಹಗ್ಗವೂ ಇರಲಿಲ್ಲ. ಮುಂದಿನ ಮುದ್ರಣದಲ್ಲಿ ತಿದ್ದಿಸುತ್ತೇನೆ ಎಂದೆ. ಮುಂದಿನದು ಯಾವಾಗ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಹಳೆಯ ಹಗೇವು ಎಷ್ಟು ಊರುಗಳಲ್ಲಿ ಕಲ್ಲು ಮುಚ್ಚಿ ಬಿದ್ದಿವೆ, ಒಳಗೆ ಹುಲ್ಲು, ಉಳಿದ ಜೋಳ ಕೊಳೆಯುತ್ತಿವೆ ಎಂದು ಅವರು ಬೆರಳು ಮಡಿಸಿ ಹೇಳತೊಡಗಿದರು. ಎರಡೂ ಕೈಯ ಬೆರಳು ಮುಗಿದವು. ಆವತ್ತು ರಾತ್ರಿಯೇ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ, ಆ ಪಾಠ ಮಾಡಬೇಡಿ ಎಂದು ಟೈಪ್ ಮಾಡಿದೆ. ಯಾಕೆ ಎಂದು ಕೇಳಿದರೆ ಏನು ಹೇಳುವುದು ಎಂದು ಅಳಿಸಿದೆ. ಹೀಗೆ ಎಷ್ಟೋ ದಿನ ಮಾಡಿದ್ದೇನೆ. ಕಾಕಾ ಸಿಕ್ಕಾಗಲೆಲ್ಲ, ತಿದ್ದಿದ್ರೇನ್ರಿ ಎಂದು ಕೇಳುವರು. ಕೇಳುವಾಗ ಅವರ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಅಂಜಿಕೆ. ಯಾರದೋ ಗುರುತಿಲ್ಲದ ಮಗುವಿನ ಸಲುವಾಗಿ ಆ ಮನುಷ್ಯ ತಮ್ಮ ಮನೆಯ ಅಂಗಳದಲ್ಲಿ ಕೂತು ಅಂಜುತ್ತಿದ್ದರು.

ಅವರು ತೀರಿಕೊಂಡ ಮೇಲೆ ಸೊಸೆಯ ಹತ್ತಿರ ಕೂತು ಬಂದೆ. ತಿದ್ದಿಸಿದ್ದೆನೇ ಎಂದರೆ, ಇಲ್ಲ. ಎರಡು ತಿಂಗಳು ಕಳೆದಿರಬೇಕು. ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಫೋನ್ ನೋಡಿದರೆ ಗುಂಪಿನಲ್ಲಿ ಒಂದು ಫೋಟೊ. ಸರಿಸಿದ ಕಲ್ಲು, ನೆಲದಲ್ಲಿ ಕಪ್ಪು ಬಾಯಿ, ಪಕ್ಕದಲ್ಲಿ ಕಂದೀಲು, ಸುತ್ತ ಸಮವಸ್ತ್ರದ ಮಕ್ಕಳು. ಬಾಯಾರ ಪಾಠದ ಪ್ರಕಾರ ಇವತ್ತು ನಮ್ಮ ಶಾಲೆಯ ಪಕ್ಕದ ಹಳೆಯ ಹಗೇವಿನಲ್ಲಿ ಪ್ರಾತ್ಯಕ್ಷಿಕೆ ಎಂದು ಇನ್ನೊಂದು ಊರಿನ ಮಾಸ್ತರರು ಬರೆದಿದ್ದರು. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಸ್ಕೂಟರ್ ತೆಗೆದೆ.

ಅರ್ಧ ತಾಸಿನ ದಾರಿ. ಮೊದಲು ನೆನಪಾದದ್ದು ಮಕ್ಕಳಲ್ಲ, ಪಾಠದ ಕೆಳಗೆ ಅಚ್ಚಾದ ನನ್ನ ಹೆಸರು. ಅದನ್ನು ಇಲ್ಲಿ ಬರೆಯದೆ ಇರಲಾರೆ. ಆಮೇಲೆ ಮಕ್ಕಳು ನೆನಪಾದರು. ಆಮೇಲೆ ವೇಗದಲ್ಲಿ ಎರಡು ಸಲ ರಸ್ತೆಯಿಂದ ಕೆಳಗಿಳಿದೆ.

ನಾನು ಮುಟ್ಟಿದಾಗ ಮಾಸ್ತರರು ಹಗೇವಿನ ಬಾಯಿಯ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟಿದ್ದರು. ಸಣ್ಣ ವಯಸ್ಸಿನವರು, ಉತ್ಸಾಹದ ಮುಖ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದರು. ತುದಿಯನ್ನು ಏಳನೆಯ ತರಗತಿಯ ಇಬ್ಬರು ಹುಡುಗರು ಹಿಡಿದಿದ್ದರು. ನನ್ನನ್ನು ಕಂಡು ಖುಷಿಪಟ್ಟರು. ಒಳ್ಳೆಯ ಸಮಯಕ್ಕೆ ಬಂದಿರಿ, ದೀಪ ಹತ್ತು ನಿಮಿಷ ಉರಿಯಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು ಎಂದರು. ಇಳಿಯಬೇಡಿ ಎಂದೆ. ಅವರು ಅಂಗಿಯ ಕಿಸೆಯಿಂದ ನನ್ನ ಪಾಠದ ಹಾಳೆ ತೆಗೆದು ಮರ್ಯಾದೆಯಿಂದಲೇ ತೋರಿಸಿದರು.

"ನೀವ ಬರದೀರಲ್ರಿ, ಬಾಯಾರ."

"ತಪ್ಪ ಬರದೀನ್ರಿ."

ತಪ್ಪು ಎಂದು ಯಾವ ಪುಸ್ತಕದಲ್ಲಿದೆ ಎಂದು ಅವರು ಕೇಳಿದರು. ಮಕ್ಕಳು ಕೇಳುತ್ತಿದ್ದರು. ಆ ಪ್ರಶ್ನೆಯಲ್ಲಿ ತಪ್ಪೇನಿಲ್ಲ, ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ತೋರಿಸಲು ನನ್ನ ಹತ್ತಿರ ಪುಸ್ತಕವಿರಲಿಲ್ಲ. ನಾನು ಅಲ್ಲೇ ಮಣ್ಣಿನ ಮೇಲೆ ಕೂತೆ.

"ನನ್ನ ಕೈಯಾಗ ಒಬ್ಬರು ಸಾಯಬೇಕಾಗಿತ್ತು," ಎಂದು ಶುರು ಮಾಡಿದೆ.

ಎಲ್ಲವನ್ನೂ ಹೇಳಿದೆ. ಬರೆಯುವುದಿಲ್ಲ ಎಂದು ಮಾತು ಕೊಟ್ಟದ್ದು, ಬರೆದದ್ದು, ಎಣಿಕೆ ಕಳೆದುಕೊಂಡದ್ದು, ಎಳೆಯುವ ಬದಲು ಕೇಳಿದ್ದು. ಗಂಡನಿಗೂ ಹೇಳಿರದ ಮಾತನ್ನು ಗುರುತಿಲ್ಲದ ಮಕ್ಕಳ ಎದುರು ಹೇಳುತ್ತಿದ್ದೆ. ಮಕ್ಕಳನ್ನು ಹೆದರಿಸಬಾರದು ಎಂದು ಬಿ.ಎಡ್‌ನಲ್ಲಿ ಕಲಿಸಿದ್ದರು. ಆವತ್ತು ನಾನು ಬೇಕೆಂದೇ ಹೆದರಿಸಿದೆ. ಕೆಳಗಿನಿಂದ ಬಂದ ನಗು ಹೇಗಿತ್ತು ಎಂದು ಹೇಳುವಾಗ ಮುಂದೆ ನಿಂತ ಹುಡುಗಿಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಹಗ್ಗ ಹಿಡಿದ ಹುಡುಗರು ತಮ್ಮ ಕೈಗಳನ್ನು ನೋಡಿಕೊಂಡರು.

ಮಾಸ್ತರರು ಕಾಲನ್ನು ನಿಧಾನವಾಗಿ ಮೇಲೆ ತೆಗೆದುಕೊಂಡರು. ಬಾಯಿಯಿಂದ ನಾಲ್ಕು ಹೆಜ್ಜೆ ದೂರ ಹೋಗಿ ನಿಂತು ಸೊಂಟದ ಗಂಟು ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು. ಬಿಚ್ಚಲು ಬಹಳ ಹೊತ್ತು ಹಿಡಿಯಿತು.